ಚತುರ್ದಶಿಯ ದಿನ ಕಂಡ ಸಮುದ್ರ

ಅವತ್ತು ವ್ಯಾನಿನಲ್ಲಿದ್ದವರು ನಾವು ನಾಲ್ಕೇ ಜನ. ನಡುವಿನ ಸೀಟಿನಲ್ಲಿ ನನ್ನ ಸೋದರತ್ತೆ. ಸಾಗರದ ಆಚೆ ಶರಾವತಿ ಹಿನ್ನೀರಿನ ದಂಡೆಯ ಊರಿಗೆ ಕೊಟ್ಟ ಹೆಣ್ಣು, ಈಗ ಎಪ್ಪತ್ತು ದಾಟಿದವಳು. ಅವಳ ಪಕ್ಕದಲ್ಲಿ ಅವಳ ಸೊಸೆ, ತೀರ್ಥಹಳ್ಳಿ ಕಡೆಯವಳು, ತೊಡೆಯ ಮೇಲೆ ಹಳೆಯ ಎಕ್ಸ್‌ರೇಗಳ ದೊಡ್ಡ ಕವರು. ವ್ಯಾನು ಓಡಿಸುತ್ತಿದ್ದವನು ಹೊಸನಗರದವನು, ಗೌಡರ ಮನೆಯವ, ಇಂಥ ಪ್ರಯಾಣಗಳಲ್ಲಿ ನನ್ನ ಹಳೆಯ ಜೊತೆಗಾರ. ಮುಂದಿನ ಸೀಟಿನಲ್ಲಿ ನಾನು. ಸಿಗಂದೂರಿನ ಹೊಸ ಸೇತುವೆ ದಾಟಿ ಬಂದ ವ್ಯಾನು ನಿಟ್ಟೂರಿನಲ್ಲಿ ನನ್ನನ್ನು ಹತ್ತಿಸಿಕೊಂಡಾಗ ಇನ್ನೂ ಬೆಳಕು ಹರಿದಿರಲಿಲ್ಲ. ಕೊಲ್ಲೂರು ಘಾಟಿ ಇಳಿದು, ಕುಂದಾಪುರ, ಉಡುಪಿ ಹಾದು ಮಂಗಳೂರಿನ ಆಸ್ಪತ್ರೆಗೆ ಹೋಗುವುದಿತ್ತು. ಅತ್ತೆಗೆ ಕೆಲವು ತಿಂಗಳಿಂದ ತಲೆ ಸುತ್ತುತ್ತಿತ್ತು. ನಡೆಯುವಾಗ ನೆಲವೇ ಒಂದು ಕಡೆ ವಾಲಿದ ಹಾಗೆ ಆಗುತ್ತದೆ ಅನ್ನುತ್ತಿದ್ದಳು.

ಆಸ್ಪತ್ರೆಗೆ ಜೊತೆ ಹೋಗುವ ಕೆಲಸ ನನಗೆ ಹೇಗೆ ಅಂಟಿಕೊಂಡಿತು ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ನಿಟ್ಟೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ, ಅದನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುವ ಹೆಂಡತಿ ಇದ್ದಾಳೆ, ನಾಲ್ಕು ಜನರ ಹತ್ತಿರ ಮಾತಾಡಲು ಹಿಂಜರಿಯದ ಬಾಯಿ ಇದೆ. ಇಷ್ಟು ಸಾಕಾಯಿತು ಅಂತ ಕಾಣುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ತಾಲೂಕಿನಲ್ಲಿ ಹರಡಿರುವ ನಮ್ಮ ನೆಂಟರಲ್ಲಿ ಯಾರಿಗೆ ಎದೆ ಹಿಡಿಯಲಿ, ಮೂತ್ರದಲ್ಲಿ ಕಲ್ಲಾಗಲಿ, ಮೊದಲ ಫೋನು ಡಾಕ್ಟರಿಗಲ್ಲ, ನನಗೆ. ಯಾವ ಕೌಂಟರಿನಲ್ಲಿ ಚೀಟಿ ಮಾಡಿಸಬೇಕು, ಯಾವ ಲಿಫ್ಟು ಎಲ್ಲ ಮಹಡಿಗೂ ನಿಲ್ಲುತ್ತದೆ, ಯಾವ ಕ್ಯಾಂಟೀನಿನ ಸಾಂಬಾರಿಗೆ ಬೆಲ್ಲ ಹಾಕುವುದಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠ. ನಮ್ಮ ಕಡೆಯವರಿಗೆ ಮಂಗಳೂರು ಎಂದರೆ ರಕ್ತ ಕೊಟ್ಟು ರಿಪೋರ್ಟಿಗೆ ಕಾಯುವ ಊರು. ಅದರ ಗುಡಿ, ಚರ್ಚು, ಕಡಲು ಎಲ್ಲವನ್ನೂ ನಾವು ನೋಡುವುದು ಸೂಜಿ ಚುಚ್ಚಿದ ಜಾಗದಲ್ಲಿ ಹತ್ತಿ ಒತ್ತಿ ಹಿಡಿದುಕೊಂಡೇ.

ಬಂದವರನ್ನು ಸಾಯಂಕಾಲದವರೆಗೆ ಬೆಂಚಿನ ಮೇಲೆ ಕೂರಿಸಿಡಲು ಆಗುವುದಿಲ್ಲ. ಕೂತರೆ ಪಕ್ಕದ ರೋಗಿಗಳ ಕಥೆ ಕೇಳಿ ಅವರ ಕಾಯಿಲೆಯನ್ನೂ ತಾವು ತಂದುಕೊಳ್ಳುತ್ತಾರೆ. ಹಾಗಾಗಿ ಊರು ತೋರಿಸುವುದನ್ನು ಶುರು ಮಾಡಿದೆ. ಈಗ ಅದಕ್ಕೊಂದು ಕ್ರಮವೇ ಬಂದುಬಿಟ್ಟಿದೆ. ಎದೆಯ ತೊಂದರೆ ಇದ್ದವರನ್ನು ಕದ್ರಿ ದೇವಸ್ಥಾನದ ಅಂಗಳದವರೆಗೆ ಮಾತ್ರ ಕರೆದುಕೊಂಡು ಹೋಗುತ್ತೇನೆ, ಮೇಲಿನ ತೀರ್ಥದ ಕೆರೆಗಳಿಗೆ ಮೆಟ್ಟಿಲು ಹತ್ತಿಸುವುದಿಲ್ಲ. ಕತ್ತು ನೋವಿನವರಿಗೆ ಗೋಡೆ ಚಾವಣಿಯ ತುಂಬ ಚಿತ್ರ ಬರೆದ ಹಳೆಯ ಚರ್ಚು ವರ್ಜ್ಯ; ಅದನ್ನು ಮುಖ ಮೇಲೆತ್ತಿಯೇ ನೋಡಬೇಕು. ಸಕ್ಕರೆ ಕಾಯಿಲೆಯವರೆದುರು ಐಸ್‌ಕ್ರೀಮ್ ಅಂಗಡಿಗಳಿರುವ ಬೀದಿಯ ಹೆಸರನ್ನೇ ಎತ್ತುವುದಿಲ್ಲ. ನೀರು ಹೆಚ್ಚು ಕುಡಿಯಲು ಹೇಳಿಸಿಕೊಂಡವರನ್ನು ಶೌಚಾಲಯ ಹತ್ತಿರವಿರುವ ಕಡೆಗೆ ಮಾತ್ರ. ಎಲ್ಲರಿಗೂ ಹೊಂದುವುದು ಸಮುದ್ರ ಒಂದೇ. ಡ್ರೈವರು ಒಮ್ಮೆ ಹೇಳಿದ್ದ, "ಮಾರಾಯ್ರೆ, ನಿಮ್ಮ ಟೂರಿಗೆ ಬರ್ಬೇಕು ಅಂದ್ರೆ ಮೊದ್ಲು ಒಂದು ಕಾಯ್ಲೆ ಮಾಡ್ಕೊಂಡೇ ಬರ್ಬೇಕು" ಎಂದು.

ಅದೆಲ್ಲ ಮೊದಮೊದಲು ಹುರುಪಿನಿಂದ ಮಾಡುತ್ತಿದ್ದೆ. ಈಗ ಸುಸ್ತು. ಅದೇ ಘಾಟಿ, ಇಳಿಯುವಾಗ ಅದೇ ತಿರುವಿನಲ್ಲಿ ಯಾರಿಗಾದರೂ ವಾಂತಿ, ಅದೇ ಸೆಕೆ, ಕದ್ರಿಯ ಗರ್ಭಗುಡಿಯೆದುರು ನಿಂತು ಅಲ್ಲಿನ ಕಂಚಿನ ಮೂರ್ತಿಗಳ ಬಗ್ಗೆ ನಾನು ಹೇಳುವ ಅದೇ ಮಾತು. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸುತ್ತದೆ. ಒಂದು ಊರಿನ ಚಂದವನ್ನೆಲ್ಲ ಇಷ್ಟು ಸಲ ಇನ್ನೊಬ್ಬರಿಗೆ ತೋರಿಸಿದವನಿಗೆ ತಾನು ಅದನ್ನು ಕೊನೆಗೆ ನೋಡಿದ್ದು ಯಾವಾಗ ಎಂಬುದು ಮರೆತು ಹೋಗುತ್ತದೆ.

ಅತ್ತೆಯ ವಿಷಯ ಮಾತ್ರ ಬೇರೆ ಇತ್ತು. ಅವಳದೊಂದು ಹರಕೆ ಬಾಕಿ ಇತ್ತು.

ನಾನು ಮಾತು ಕಲಿತದ್ದು ಅಜ್ಜಿ ಮತ್ತು ಅವಳ ತಂಗಿಯರ ನಡುವೆ ಕೂತು. ಅವರು ಬತ್ತಿ ಹೊಸೆಯುತ್ತ, ಅವಲಕ್ಕಿ ಕೇರುತ್ತ ಹೇಳುತ್ತಿದ್ದ ಕಥೆಗಳಲ್ಲಿ ಇದೂ ಒಂದು. ಅತ್ತೆ ಸಣ್ಣ ಕೂಸಾಗಿದ್ದಾಗ ಮೂರು ವರ್ಷ ಕಳೆದರೂ ಕಾಲೂರಲಿಲ್ಲ. ಓರಗೆಯ ಮಕ್ಕಳೆಲ್ಲ ಅಂಗಳದಲ್ಲಿ ಓಡುತ್ತಿದ್ದರೆ ಇವಳು ಕುಂಡೆಯ ಮೇಲೆ ಜಾರುತ್ತಿದ್ದಳು. ಎಣ್ಣೆ ತಿಕ್ಕಿ, ಕಷಾಯ ಕುಡಿಸಿ, ಮಣ್ಣಿನಲ್ಲಿ ಕಾಲು ಹೂತಿಟ್ಟು ನಿಲ್ಲಿಸಿ ಸಾಕಾದ ಮೇಲೆ ಅಜ್ಜಿ ದೇವರ ಮುಂದೆ ಹೇಳಿಕೊಂಡಳಂತೆ, ಈ ಕೂಸು ಎದ್ದು ನಡೆದರೆ ಅಮಾವಾಸ್ಯೆಯ ದಿನ ಸಮುದ್ರಸ್ನಾನ ಮಾಡಿಸುತ್ತೇನೆ ಎಂದು. ಆ ವರ್ಷದ ದೀಪಾವಳಿಯ ಹೊತ್ತಿಗೆ ಕೂಸು ನಡೆಯಿತು. ಹರಕೆ ನಡೆಯಲಿಲ್ಲ. ಅಜ್ಜಿಗೆ ಮತ್ತೆ ಹೆರಿಗೆ, ಮತ್ತೆ ಬಾಣಂತನ, ಘಾಟಿ ಇಳಿಯುವುದೆಂದರೆ ಆಗ ದೊಡ್ಡ ಸಾಹಸ. ಅತ್ತೆಗೆ ಮದುವೆಯಾಯಿತು. ಅಜ್ಜಿ ಹೋದಳು. ನಮ್ಮ ಮನೆಗಳಲ್ಲಿ ಹರಕೆ ಹೇಳಿಕೊಂಡವರು ಹೋದರೂ ಹರಕೆ ಹೋಗುವುದಿಲ್ಲ. ಅದು ಯಾರ ಹೆಸರಲ್ಲಿತ್ತೋ ಅವರ ಬೆನ್ನಿಗೆ ಬರುತ್ತದೆ. ಅತ್ತೆಯ ಕೈ ಸುಟ್ಟಾಗ, ಕರು ಸತ್ತಾಗ, ಮಗನ ಮದುವೆ ತಡವಾದಾಗ ಪ್ರತಿ ಸಲವೂ ಯಾರಾದರೊಬ್ಬರು ತಗ್ಗಿದ ದನಿಯಲ್ಲಿ ಅದೊಂದು ಬಾಕಿ ಇದೆಯಲ್ಲ ಅನ್ನುತ್ತಿದ್ದರು. ಈಗ ನಡೆಯುವಾಗ ನೆಲ ವಾಲುತ್ತದೆ ಎಂದಾಗ ಯಾರೂ ಏನೂ ಅನ್ನಲಿಲ್ಲ. ಎಲ್ಲರಿಗೂ ಅನ್ನಿಸಿದ್ದು ಅದೇ. ಅತ್ತೆಗೂ ಅದೇ.

ಘಾಟಿ ಇಳಿದರೆ ಕಡಲು. ಹೋಗಿ ಮಿಂದು ಬಂದರಾಯಿತಲ್ಲ ಎಂದು ಕೇಳುವವರಿಗೆ ನಮ್ಮ ಕಟ್ಟಳೆ ಗೊತ್ತಿಲ್ಲ. ಅಶ್ವತ್ಥದ ಮರವನ್ನು ಶನಿವಾರ ಮಾತ್ರ ಮುಟ್ಟಬೇಕು, ಸಮುದ್ರವನ್ನು ಹುಣ್ಣಿಮೆ ಅಮಾವಾಸ್ಯೆಯಂಥ ಪರ್ವದ ದಿನ ಮಾತ್ರ ಮುಟ್ಟಬೇಕು. ಉಳಿದ ದಿನ ದೂರದಿಂದ ಕೈಮುಗಿಯಬೇಕು. ಅತ್ತೆ ಇದನ್ನು ಅಜ್ಜಿಯ ಬಾಯಿಂದ ಕೇಳಿದವಳು, ಇವತ್ತಿಗೂ ತಪ್ಪಿದವಳಲ್ಲ. ಹರಕೆಯಂತೂ ಅಮಾವಾಸ್ಯೆಗೇ ನಿಗದಿಯಾದದ್ದು. ಆದರೆ ಅಮಾವಾಸ್ಯೆಯ ದಿನ ಪ್ರಯಾಣ ಹೊರಡಬಾರದು. ಮಾರನೆಯ ದಿನ ಪಾಡ್ಯ, ಅವತ್ತೂ ಹೊರಡಬಾರದು. ಅಂದರೆ ಚತುರ್ದಶಿಗೆ ಹೋಗಿ ಕೂತು, ಅಮಾವಾಸ್ಯೆಗೆ ಮಿಂದು, ಬಿದಿಗೆಗೆ ತಿರುಗಿ ಬರಬೇಕು. ಹಟ್ಟಿಯಲ್ಲಿ ಕರೆಯುವ ದನ, ಮನೆಯಲ್ಲಿ ಪೂಜೆ, ಬಂದು ಹೋಗುವವರು. ಅಷ್ಟು ದಿನ ತನಗಾಗಿ ಮನೆ ಬಿಡುವುದು ಅತ್ತೆಯ ಜಾಯಮಾನದಲ್ಲೇ ಇರಲಿಲ್ಲ. ಮದುವೆಗೆಂದು ಕುಂದಾಪುರಕ್ಕೆ, ಭಜನೆಯ ಹೆಂಗಸರೊಂದಿಗೆ ಮುರ್ಡೇಶ್ವರಕ್ಕೆ, ಹೀಗೆ ಅವಳು ಕಡಲಿನ ದಂಡೆಗೆ ಹೋಗಿಲ್ಲ ಎಂದಲ್ಲ. ಹೋದಾಗೆಲ್ಲ ಯಾವುದೋ ಪಂಚಮಿ, ಯಾವುದೋ ನವಮಿ. ಉಳಿದವರು ಸೀರೆ ಎತ್ತಿಕೊಂಡು ನೀರಿಗಿಳಿದರೆ ಇವಳು ಒಣ ಮರಳಿನಲ್ಲಿ ಅವರ ಚಪ್ಪಲಿ ಕಾಯುತ್ತ ನಿಲ್ಲುತ್ತಿದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ಅವಳ ಕೈಚೀಲ ಇಳಿಸಲು ಹೋದೆ. ಭುಜ ಜಗ್ಗಿತು.

"ಎಂತ ಅತ್ತೆ ಇದು, ಮನೆ ಕಿತ್ಕಂಡು ಬಂದ್ಯಾ?" ಎಂದೆ.

ಎರಡು ಸೀರೆ, ಒಂದು ಟವಲು ಇದೆ, ಮತ್ತೇನಿಲ್ಲ ಎಂದಳು. ಒಂದು ದಿನದ ಪ್ರಯಾಣಕ್ಕೆ ಎರಡು ಸೀರೆ ಯಾಕೆ ಎಂದು ಕೇಳುವ ತ್ರಾಣ ನನಗಿರಲಿಲ್ಲ. ಖಾಲಿ ಹೊಟ್ಟೆಯ ರಕ್ತ ಕೊಡಿಸಿ, ಮನೆಯಿಂದ ಬಾಳೆಲೆಯಲ್ಲಿ ಕಟ್ಟಿ ತಂದಿದ್ದ ತೆಳ್ಳೇವು ದೋಸೆ ತಿನ್ನಿಸಿ, ಸ್ಕ್ಯಾನಿಂಗಿನ ಸಾಲಿನಲ್ಲಿ ಕೂರಿಸಿದೆ. ಸೊಸೆ ನನ್ನನ್ನು ಕಾರಿಡಾರಿನ ತುದಿಗೆ ಕರೆದಳು. ಅವಳು ನನ್ನನ್ನು ಅಣ್ಣಯ್ಯ ಎಂದು ಕರೆಯುತ್ತಾಳೆ.

ಅವಳು ಹೇಳಿದ್ದು ಇಷ್ಟು. ಮೂರು ತಿಂಗಳಿಂದ ಆಸ್ಪತ್ರೆಗೆ ಬನ್ನಿ ಎಂದರೆ ಅತ್ತೆ ಒಂದಲ್ಲ ಒಂದು ನೆಪ ತೆಗೆಯುತ್ತಿದ್ದಳು. ಮೊನ್ನೆ ಈ ತಾರೀಕು ಹೇಳಿದ ಕೂಡಲೇ ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿ, ಆತು ಎಂದುಬಿಟ್ಟಳು. ನೆರೆಮನೆಯವಳಿಗೆ ದನ ಕರೆಯಲು ಹೇಳಿಟ್ಟಿದ್ದಾಳೆ. ಇವತ್ತು ಚತುರ್ದಶಿ. ನಾಳೆ ಅಮಾವಾಸ್ಯೆ.

ಆಗ ನನಗೆ ಹೊಳೆಯಿತು. ಹಿಂದೆ ಇದೇ ಆಸ್ಪತ್ರೆಗೆ ಅತ್ತೆಯ ನಾದಿನಿಯನ್ನು ಕರೆತಂದಾಗ ನೋಡಬೇಕು ಎಂದು ಎರಡು ಮೂರು ದಿನ ಇಟ್ಟುಕೊಂಡಿದ್ದರು. ಇಲ್ಲಿಗೆ ಬಂದರೆ ಒಂದೇ ದಿನದಲ್ಲಿ ಯಾರೂ ತಿರುಗಿ ಹೋಗುವುದಿಲ್ಲ ಎಂದು ನಾನೇ ಅವರ ಜಗಲಿಯಲ್ಲಿ ಕೂತು ಎಷ್ಟೋ ಸಲ ವರ್ಣಿಸಿದ್ದೆ. ತನಗೂ ಮಂಚ ಕೊಡುತ್ತಾರೆ, ಅಮಾವಾಸ್ಯೆ ಪಾಡ್ಯ ಎರಡೂ ಇಲ್ಲಿಯೇ ಕಳೆಯುತ್ತದೆ, ನಡುವೆ ಒಂದು ಬೆಳಿಗ್ಗೆ ಕಡಲಿಗೆ ಹೋಗಿ ಬಂದರೆ ಯಾರಿಗೂ ಹೊರೆಯಾಗುವುದಿಲ್ಲ ಎಂದು ಅತ್ತೆ ಲೆಕ್ಕ ಹಾಕಿ ಬಂದಿದ್ದಳು. ಎಲ್ಲ ವಿಚಾರ ಮಾಡಿದ ಮೇಲೂ ಹೊರಗೆ ಒಂದಕ್ಷರ ಹೇಳಿರಲಿಲ್ಲ. ಅಷ್ಟು ವರ್ಷದ ಬಾಕಿ ತೀರುವುದೆಂದರೆ ಅದು ಕಾಯಿಲೆಯ ನೆರಳಿನಲ್ಲೇ ತೀರಬೇಕು. ತನಗೆ ಬೇಕು ಎಂದು ಬಾಯಿಬಿಟ್ಟು ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ಸ್ಕ್ಯಾನ್ ಮುಗಿದಾಗ ಹನ್ನೊಂದಾಗಿತ್ತು. ರಿಪೋರ್ಟ್ ಮೊಬೈಲಿಗೇ ಬರುತ್ತದೆ, ಬಂದಮೇಲೆ ಡಾಕ್ಟರನ್ನು ನೋಡಿ ಎಂದರು. ಮೊದಲಾದರೆ ಕಿಟಕಿಯ ಮುಂದೆ ಸಂಜೆಯವರೆಗೆ ಕತ್ತು ಚಾಚಿಕೊಂಡಿರಬೇಕಿತ್ತು. ನಾನು ನನ್ನ ಕ್ರಮದ ಪ್ರಕಾರ ಹೊರಟೆ. ತಲೆ ಸುತ್ತುವವರಿಗೆ ಕದ್ರಿಯ ಮೆಟ್ಟಿಲು ಬೇಡ, ಚಾವಣಿ ನೋಡುವುದೂ ಬೇಡ. ದೇವಸ್ಥಾನದ ಅಂಗಳದ ನೆರಳಿನಲ್ಲಿ ಕೂರಿಸಿದೆ. ಅತ್ತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ಡ್ರೈವರು ಅಂಗಿಯ ಗುಂಡಿ ಬಿಚ್ಚಿ ಗಾಳಿ ಹಾಕಿಕೊಳ್ಳುತ್ತ, ಈ ಸೆಕೆಯಲ್ಲಿ ಜನ ಮದುವೆ ಮುಂಜಿ ಎಲ್ಲ ಹೇಗೆ ಮಾಡುತ್ತಾರೆ ಎಂದು ಗೊಣಗಿದ. ಮಧ್ಯಾಹ್ನ ಊಟಕ್ಕೆ ಹೋದ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಬಂತು, ಅತ್ತೆ ಒಂದೊಂದೇ ಅಗುಳು ಬೇರೆ ಮಾಡಿ ನೋಡಿ ಅರ್ಧದಲ್ಲೇ ಕೈ ತೊಳೆದಳು. ಐಸ್‌ಕ್ರೀಮ್ ತಿನ್ನೋಣ ಎಂದು ಸೊಸೆ ಕರೆದುಕೊಂಡು ಹೋದಳು. ಉದ್ದನೆಯ ಗಾಜಿನ ಲೋಟದಲ್ಲಿ ಬಣ್ಣಬಣ್ಣದ ಪದರಗಳು ಬಂದು ಎದುರಿಗೆ ಕೂತಾಗ ಸೊಸೆಯ ಮೊಬೈಲು ಸದ್ದು ಮಾಡಿತು.

ಅವಳು ಓದಿದಳು. ಓದಿ ನನ್ನ ಕಡೆ ನೋಡಿದಳು. ಎಲ್ಲ ಸರಿಯಾಗಿತ್ತು.

ತಿರುಗಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನಗುಮುಖ. ಮಲಗಿದಲ್ಲಿಂದ ತಟ್ಟನೆ ಏಳಬೇಡಿ, ನೀರು ಹೆಚ್ಚು ಕುಡಿಯಿರಿ, ಈ ಮಾತ್ರೆ ಒಂದು ತಿಂಗಳು ತೆಗೆದುಕೊಳ್ಳಿ ಎಂದು ಬರೆದು ಕೊಟ್ಟರು. ಅತ್ತೆ ಕುರ್ಚಿಯಿಂದ ಏಳಲಿಲ್ಲ. ಎರಡು ದಿನ ಇಟ್ಟುಕೊಂಡು ನೋಡುವುದಿಲ್ಲವೇ ಎಂದು ಕೇಳಿದಳು. ಅಷ್ಟು ಸ್ಪಷ್ಟವಾಗಿ ಅವಳು ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ನಿಮಗೆ ಎಂತ ಆಗ್ಲಿಲ್ಲ ಅಮ್ಮ. ಮಂಚ ಯಾಕೆ? ಆರಾಮಲ್ಲಿ ಮನೆಗೆ ಹೋಗಿ" ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಅತ್ತೆ ಗೋಡೆಗೆ ಕೈಕೊಟ್ಟು ನಿಂತಳು. "ಯಂಗೆ ಎಂತೂ ಆಯ್ದಿಲ್ಲೆ ಅಡ" ಎಂದಳು. ಆ ಕಾರಿಡಾರಿನಲ್ಲಿ ಎಷ್ಟೋ ಜನ ಕೆಟ್ಟ ಸುದ್ದಿ ಕೇಳಿ ಹೊರಗೆ ಬಂದದ್ದನ್ನು ನೋಡಿದ್ದೇನೆ. ಒಳ್ಳೆಯ ಸುದ್ದಿ ಕೇಳಿ ಆ ಮುಖ ಮಾಡಿಕೊಂಡವಳು ಅವಳೊಬ್ಬಳೇ.

ನಾವು ಉಳಿಯೋಣ ಎಂದೆ. ದೇವಸ್ಥಾನದ ವಸತಿಗೃಹದಲ್ಲಿ ಕೋಣೆ ಸಿಗುತ್ತದೆ, ನನಗೆ ಪರಿಚಯ ಇದೆ. ಸೊಸೆಯೂ ಹೌದು ಎಂದಳು. ಅತ್ತೆ ಒಪ್ಪಲಿಲ್ಲ. ಡ್ರೈವರಿಗೆ ನಾಳೆ ಬೆಳಿಗ್ಗೆ ಹುಂಚಕ್ಕೆ ಬಾಡಿಗೆ ಒಪ್ಪಿ ಆಗಿದೆ ಎಂಬುದು ಅವಳಿಗೆ ಗೊತ್ತಿತ್ತು, ಅವನೇ ದಾರಿಯಲ್ಲಿ ಹೇಳಿದ್ದ. ನಾಳೆ ಮಿಂದರೆ ನಾಳೆಯೇ ಹೊರಡುವಂತಿಲ್ಲ, ನಾಡಿದ್ದೂ ಹೊರಡುವಂತಿಲ್ಲ. ಒಬ್ಬಳ ಸ್ನಾನಕ್ಕೆ ನಾಲ್ಕು ಜನ ಅಷ್ಟು ದಿನ ಕೂತುಕೊಳ್ಳುವುದು ಎಂದರೇನು ಎಂದಳು. ಆಸ್ಪತ್ರೆಯವರು ಇಟ್ಟುಕೊಂಡಿದ್ದರೆ ಅದು ಬೇರೆ ಮಾತು. ಅಷ್ಟರಲ್ಲಿ ಅವಳ ಮಗ ಫೋನು ಮಾಡಿದ. ಏನೂ ಇಲ್ಲ ಎಂದು ಕೇಳಿ ಅವನಿಗೆ ಖುಷಿಯಾಯಿತು, ಹಾಗಾದರೆ ರಾತ್ರಿ ಊಟಕ್ಕೆ ಬರುತ್ತೀರಲ್ಲ ಎಂದ. ಬತ್ಯ ಎಂದಳು ಅತ್ತೆ.

ಸೊಸೆ ಸುಮ್ಮನಿರುವವಳಲ್ಲ. "ಹಂಗಾರೆ ಸಮುದ್ರ ಆದ್ರೂ ನೋಡ್ಕಂಡು ಹೋಪನ ಅತ್ತೆ" ಎಂದಳು. ಅದಕ್ಕೆ ಅತ್ತೆ ಬೇಡ ಅನ್ನಲಿಲ್ಲ.

ಸುಲ್ತಾನ್ ಬತ್ತೇರಿಯ ಹಳೆಯ ಕಲ್ಲಿನ ಕಾವಲುಕಟ್ಟೆಯ ಹತ್ತಿರ ವ್ಯಾನು ನಿಲ್ಲಿಸಿ ದೋಣಿಗೆ ಹೋದೆವು. ಅಲ್ಲಿ ಗುರುಪುರ ಹೊಳೆ ದಾಟಿದರೆ ಆಚೆ ತಣ್ಣೀರುಬಾವಿಯ ಮರಳು, ಅದರಾಚೆ ಕಡಲು. ದೋಣಿ ಅಲುಗಾಡುತ್ತದೆ, ಅತ್ತೆಯನ್ನು ಹಿಡಿದುಕೋ ಎಂದು ನಾನು ಸೊಸೆಗೆ ಹೇಳುತ್ತಿದ್ದೆ. ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿ ಅಂಚಿನ ಹಲಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಹಿನ್ನೀರಿನ ಲಾಂಚಿನಲ್ಲಿ ಐವತ್ತು ವರ್ಷ ಓಡಾಡಿದವಳು. ಸೇತುವೆ ಆದಮೇಲೆ ನೀರಿನ ಮೇಲೆ ಕೂತದ್ದು ಇದೇ ಮೊದಲು ಇರಬೇಕು. ನೆಲದ ಮೇಲೆ ವಾಲುತ್ತಿದ್ದವಳಿಗೆ ದೋಣಿಯಲ್ಲಿ ಏನೂ ಆಗಲಿಲ್ಲ. ಈ ನೀರು ಉಪ್ಪೋ ಸಿಹಿಯೋ ಎಂದು ದೋಣಿಯವನನ್ನು ಕೇಳಿದಳು. ಹೊತ್ತಿನ ಮೇಲೆ ಎಂದ ಅವನು. ಉಬ್ಬರದಲ್ಲಿ ಉಪ್ಪು, ಮಳೆಗಾಲದಲ್ಲಿ ಸಿಹಿ. ಹೊಳೆ ಮುಟ್ಟಲು ಕಟ್ಟಳೆ ಇಲ್ಲ. ಅತ್ತೆ ಬಗ್ಗಿ ಕೈ ಅದ್ದಲು ಹೊರಟವಳು ಉಪ್ಪು ಎಂದು ಕೇಳಿದ ಮೇಲೆ, ಹಾಗಾದರೆ ಇದೂ ಕಡಲಿನ ನೀರೇ ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ದಂಡೆಯಲ್ಲಿ ಗಾಳಿಮರಗಳ ಸಾಲು, ಅದರಡಿ ಬೆಂಚುಗಳು. ಚುರುಮುರಿಯ ಗಾಡಿ, ಗಾಳಿಪಟ, ಮರಳಿನಲ್ಲಿ ಗುಂಡಿ ತೋಡುವ ಮಕ್ಕಳು. ಎಷ್ಟೋ ಸಲ ಬಂದ ಜಾಗ. ಮೊಣಕಾಲು ನೋಯುತ್ತಿತ್ತು, ನಾನು ಬೆಂಚಿನ ಮೇಲೆ ಬಿದ್ದೆ. ಅತ್ತೆ ಮುಂದೆ ಹೋದಳು. ನೀರು ಬಂದು ಹೋದಲ್ಲಿ ಮರಳು ಕಪ್ಪಾಗಿರುತ್ತದಲ್ಲ, ಆ ಗೆರೆಯಿಂದ ಒಂದು ಮಾರು ಹಿಂದೆ ನಿಂತಳು. ಸೊಸೆ ತನ್ನ ಚಪ್ಪಲಿಯನ್ನು ಅವಳ ಹತ್ತಿರ ಬಿಡದೆ ಕೈಯಲ್ಲೇ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿಗೆ ಡ್ರೈವರು ಅತ್ತೆಯ ಪಕ್ಕಕ್ಕೆ ಹೋಗಿ ನಿಂತ. ವಿಷಯವೆಲ್ಲ ಆಗಲೇ ಅವನಿಗೆ ಗೊತ್ತಾಗಿತ್ತು. ಅವನೊಂದು ಉಪಾಯ ಹೇಳಿದ. "ಅಮ್ಮ, ನೀವು ಸುಮ್ನೆ ನಿಂತ್ಕಳಿ. ಅಲೆನೇ ಬಂದು ನಿಮ್ಮ ಕಾಲು ಮುಟ್ಟಿದ್ರೆ ನೀವು ಮುಟ್ಟಿದ್ದಲ್ವಲ್ಲ, ಅದು ಮುಟ್ಟಿದ್ದು."

ಅತ್ತೆ ನಕ್ಕಳು. ನಕ್ಕು ಇನ್ನೆರಡು ಹೆಜ್ಜೆ ಹಿಂದಕ್ಕೆ ಸರಿದಳು.

ಆಗ ಸೊಸೆ ಮೊಬೈಲು ತೆಗೆದಳು. ಅದರಲ್ಲಿ ಪಂಚಾಂಗ ಇದೆ. ತಿಥಿ ಎಂಬುದು ಸರಿರಾತ್ರಿಗೆ ಬದಲಾಗುವಂಥದ್ದಲ್ಲ, ಯಾವ ಹೊತ್ತಿಗೂ ಬದಲಾಗಬಹುದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವತ್ತಿನ ಚತುರ್ದಶಿ ಸಂಜೆ ಆರರ ಸುಮಾರಿಗೆ ಮುಗಿಯುತ್ತಿತ್ತು. ಸೂರ್ಯ ಮುಳುಗಲು ಅದಕ್ಕಿಂತ ಮುಕ್ಕಾಲು ಗಂಟೆ ಹೆಚ್ಚಿಗೆ ಇತ್ತು. ಸೊಸೆ ಮೊಬೈಲನ್ನು ಅತ್ತೆಯ ಮುಖದ ಹತ್ತಿರ ಹಿಡಿದು ತೋರಿಸಿದಳು. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿಯೇ ಅಮಾವಾಸ್ಯೆ ಬರುತ್ತದೆ, ಹಗಲೂ ಇರುತ್ತದೆ, ನೀರೂ ಎದುರಿಗಿದೆ, ಬಟ್ಟೆಯೂ ಚೀಲದಲ್ಲಿದೆ. ಇನ್ನೇನು ಬೇಕು ಎಂದು ಕೇಳಿದಳು. ನಾನೂ ಎದ್ದು ಬಂದೆ. ಸೂರ್ಯೋದಯಕ್ಕಿರುವ ತಿಥಿಯೇ ಆಗಬೇಕು ಎನ್ನುವವರೂ ಇದ್ದಾರೆ, ಆದರೆ ಹಬ್ಬ ಶ್ರಾದ್ಧಗಳಲ್ಲಿ ಇದ್ದ ಹೊತ್ತಿನ ತಿಥಿ ಹಿಡಿಯುವುದೂ ಉಂಟು ಎಂದು ನನಗೆ ತಿಳಿದದ್ದನ್ನು ಹೇಳಿದೆ. ದೋಣಿಯವನು ಕತ್ತಲಾಗುವ ಮುಂಚೆ ಬನ್ನಿ ಎಂದಿದ್ದ, ಅಷ್ಟರೊಳಗೆ ಆಗುತ್ತದೆ ಎಂದೆ.

ಅತ್ತೆ ಬಹಳ ಹೊತ್ತು ನೀರನ್ನೇ ನೋಡಿದಳು. ಅವಳ ಮನೆಯ ಮುಂದಿನ ಹಿನ್ನೀರು ಎಷ್ಟು ದೊಡ್ಡದಾದರೂ ನಿಂತ ನೀರು. ಇದು ಕರೆದ ಹಾಗೆ ಬರುತ್ತದೆ, ಹೋಗುತ್ತದೆ. ಆಮೇಲೆ ತಿರುಗಿ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಮುಟ್ಟಲೆ ಅಮಾಸೆ ಬಂತು ಹೇಳಾದ್ರೆ ಹೊರಡಲೂ ಅಮಾಸೆ ಬಂತು. ಒಂದೇ ಅಮಾಸೆನ ಎರಡು ಮಾಡಲೆ ಬತ್ತಿಲ್ಲೆ" ಎಂದಳು.

ಮೀಯಲು ಅಮಾವಾಸ್ಯೆ ಎಂದು ಹಿಡಿದರೆ ಅವತ್ತು ಇಲ್ಲಿಯೇ ಉಳಿಯಬೇಕು. ಹೊರಡಲು ಚತುರ್ದಶಿ ಎಂದು ಹಿಡಿದರೆ ಮೀಯುವಂತಿಲ್ಲ. ಯಾರಿಗೆ ಗೊತ್ತಾಗುತ್ತದೆ ಎಂದ ಡ್ರೈವರು, ಮೆಲ್ಲಗೆ.

"ಹರಕೆ ಯನ್ನ ಅಬ್ಬೆದು. ಅಬ್ಬೆ ಹೇಳ್ಕಂಡಿದ್ರಲ್ಲಿ ಕಳ್ಳಾಟ ಆಗ್ತಿಲ್ಲೆ" ಎಂದಳು ಅತ್ತೆ. ಅಮ್ಮನನ್ನು ಕುರಿತು ಅವಳು ಮಾತಾಡಿದ್ದು ಅದಷ್ಟೇ. ಎಪ್ಪತ್ತು ದಾಟಿದವಳ ಬಾಯಲ್ಲಿ ಅಬ್ಬೆ ಎಂಬ ಮಾತು ಕೇಳಿ ನಾನು ಮರಳು ನೋಡಿದೆ.

ಆಮೇಲೆ ಅವಳೇ ಅವಸರ ಮಾಡಿದಳು. ಹೊರಡುವುದಾದರೆ ಆರರೊಳಗೆ ಹೊರಟಿರಬೇಕು, ಹೊರಟ ಮೇಲೆ ದಾರಿಯಲ್ಲಿ ಅಮಾವಾಸ್ಯೆ ಬಂದರೆ ಅದು ನಮ್ಮ ತಪ್ಪಲ್ಲ. ಮರಳಿನಲ್ಲಿ ಸೊಸೆಯ ಹೆಗಲು ಹಿಡಿದು ನಡೆದಳು. ನಾಲ್ಕು ಕಡೆಯಿಂದ ಜನ ಸೂರ್ಯಾಸ್ತ ನೋಡಲು ಬರುತ್ತಿದ್ದರು, ನಾವು ಅವರ ಎದುರಿಗೆ ಹೋಗುತ್ತಿದ್ದೆವು. ದೋಣಿ ಆಚೆ ದಡದಲ್ಲಿತ್ತು, ಕಾದೆವು. ದಾಟಿ ವ್ಯಾನು ಹತ್ತಿದಾಗ ಆರಕ್ಕೆ ಸ್ವಲ್ಪವೇ ಉಳಿದಿತ್ತು. ಒಮ್ಮೆ ಚಾಲೂ ಮಾಡಿ ನಾಲ್ಕು ಮಾರು ಮುಂದೆ ಹೋಗಪ್ಪ, ಆಮೇಲೆ ಬೇಕಾದರೆ ನಿಲ್ಲಿಸಿ ಚಾ ಕುಡಿ ಎಂದು ಡ್ರೈವರಿಗೆ ಹೇಳಿದಳು. ಅವನು ಹಾಗೆಯೇ ಮಾಡಿದ. ಚಾ ಅಂಗಡಿಯ ಮುಂದೆ ನಿಂತಾಗ ಅತ್ತೆ ಇಳಿಯಲಿಲ್ಲ. ಕಿಟಕಿಗೆ ತಲೆಕೊಟ್ಟು ಕೂತಿದ್ದಳು. ಬಿಚ್ಚದೇ ಉಳಿದ ಚೀಲ ಕಾಲಬುಡದಲ್ಲಿತ್ತು.

ಸುರತ್ಕಲ್ ದಾಟುವಾಗ ಎಡಗಡೆ ಮರಗಳ ಸಂದಿಯಲ್ಲಿ ಕೆಂಪು ಬೆಳಕು ಕಂಡಿತು. ಯಾರೂ ತಿರುಗಿ ನೋಡಲಿಲ್ಲ. ನನಗಂತೂ ಕಣ್ಣು ಬಿಟ್ಟಿರುವುದೇ ಸಾಕಾಗಿತ್ತು. ಡ್ರೈವರಿಗೆ ನಿದ್ದೆ ಬಾರದಿರಲೆಂದು ಮಾತಾಡುತ್ತ ಕೂರುವುದು ನನ್ನ ಕೆಲಸ. ಅವತ್ತು ಉಡುಪಿಯವರೆಗೆ ಹೇಗೋ ಮಾತಾಡಿದೆ, ಆಮೇಲೆ ಕಥೆಗಳು ಮುಗಿದವು. ನಡುವಿನ ಸೀಟಿನಲ್ಲಿ ಅತ್ತೆ ಎಚ್ಚರವಾಗಿಯೇ ಇದ್ದಳು. ಮಾತ್ರೆಯ ಚೀಟಿ ಎಲ್ಲಿ ಎಂದು ಸೊಸೆ ಕೇಳಿದ್ದಕ್ಕೆ, ಅದೆಲ್ಲ ನಾಳೆ ನೋಡಿದರಾಯಿತು ಅಂದದ್ದು ಕೇಳಿಸಿತು. ಮನೆ ಮುಟ್ಟಿದವರು ಆಮೇಲೆ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಮುಂದಿನ ತಿಂಗಳು ಮಳೆ ಹಿಡಿಯುವ ಮೊದಲು, ಅಮಾವಾಸ್ಯೆ ಕಳೆದು ಮೂರು ನಾಲ್ಕು ದಿನಕ್ಕೆ, ನಾನು ತೀರ್ಥಹಳ್ಳಿಯ ಕಡೆಯ ಒಬ್ಬರ ಮೂತ್ರದ ಕಲ್ಲಿನ ಸಲುವಾಗಿ ಓಡಾಡುತ್ತಿದ್ದೆ. ಆಗ ಅತ್ತೆಯ ಸೊಸೆ ಫೋನು ಮಾಡಿದಳು. ಚತುರ್ದಶಿಯ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಮಂಗಳೂರಿಗೆ ಬಂದಿದ್ದಳಂತೆ, ಇಬ್ಬರೇ. ಡಾಕ್ಟರು ತಿಂಗಳು ಬಿಟ್ಟು ಬರಲು ಹೇಳಿದ್ದಾರೆ, ಈ ಸಲ ಮೂರು ನಾಲ್ಕು ದಿನ ಆಗುತ್ತದೆ ಎಂದು ಅವಳೇ ಗಂಡನಿಗೆ ಹೇಳಿ ಹೊರಡಿಸಿದಳಂತೆ. ಅಮಾವಾಸ್ಯೆಯ ಬೆಳಿಗ್ಗೆ ಕಡಲಿಗೆ ಹೋದರು. ಅಲೆ ಜೋರಿತ್ತು, ಕಾವಲಿನವರು ದೂರ ಬಿಡಲಿಲ್ಲ. ಅತ್ತೆ ಮೊಣಕಾಲ ನೀರಿನಲ್ಲೇ ಕೂತು ಮುಳುಗು ಹಾಕಿದಳು. ಒಂದು ಅಲೆ ಬಂದು ಅವಳನ್ನು ಉರುಳಿಸಿತು, ಸೊಸೆ ತೋಳು ಹಿಡಿದು ಎಬ್ಬಿಸಿದಳು. ಅಮಾವಾಸ್ಯೆ, ಪಾಡ್ಯ ಎರಡು ದಿನವೂ ಮಂಗಳೂರಿನಲ್ಲೇ ಇದ್ದು, ಪಾಡ್ಯದ ಸಂಜೆ ಕದ್ರಿಯ ಮೆಟ್ಟಿಲನ್ನೆಲ್ಲ ಹತ್ತಿ ಮೇಲಿನ ಕೆರೆಗಳನ್ನು ನೋಡಿದರಂತೆ. ಬಿದಿಗೆಯ ದಿನ ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನ ಮನೆ ಸೇರಿದರು.